ಇಂದಿನ ಧಮ್ಮ ಚಿಂತನೆ: ಹೊತ್ತಿಗೆ ಹೇಳುವ ನಿಜ

 

ಸಮ್ಮಾ ವಾಚಾ ಎಂದರೆ ಸುಳ್ಳು ಹೇಳದಿರುವುದು ಎಂದು ಮಕ್ಕಳಿಗೆ ಕಲಿಸುತ್ತೇವೆ. ನಿಜವನ್ನು ತಡವಾಗಿ ಹೇಳುವವರ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ. ಅದರ ಪಾಠ ಸಿಗುವುದು ರೈಲ್ವೆ ಸ್ಟೇಷನ್ನಿನಲ್ಲಿ.

2024ರ ಜುಲೈ 26ರಂದು ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಮಳೆಗೆ ಯಾರನ್ನು ದೂರೋಣ? ಅಂಥ ಹೊತ್ತಲ್ಲಿ ಪ್ರಯಾಣಿಕರು ಕೇಳುವುದು ಒಂದೇ: ಗಾಡಿ ಹೋಗುತ್ತೋ ಇಲ್ಲವೋ? ಆದರೆ ಗಾಡಿ ತಡವಾದಾಗ ಎಷ್ಟೋ ಕಡೆ ನಾನು ಕೇಳಿರುವ ಉತ್ತರ 'ಅರ್ಧ ಗಂಟೆ ಲೇಟು'. ಅದು ಮುಗಿದರೆ ಇನ್ನೊಂದು ಅರ್ಧ ಗಂಟೆ. ಆಮೇಲೆ ರೆಕಾರ್ಡ್ ಮಾಡಿದ ದನಿಯ ವಿಷಾದ.

ಇದರಲ್ಲಿ ಹೋಗುವುದು ಬರೀ ಹೊತ್ತಲ್ಲ. ರಿಸರ್ವೇಶನ್ ಮಾಡಿಸಿದ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನಾವು ಪ್ರಯಾಣ ಬಿಟ್ಟರೆ, ಪೂರ್ತಿ ಹಣ ವಾಪಸ್ ಸಿಗುವ ನಿಯಮವಿದೆ. ಆದರೆ ಗಾಡಿ ಹೊರಡುವ ಮೊದಲೇ ಕೌಂಟರ್ ಟಿಕೆಟ್ ಒಪ್ಪಿಸಬೇಕು. ಆನ್‌ಲೈನ್ ಟಿಕೆಟ್ ಆದರೆ ಟಿಡಿಆರ್ ಸಲ್ಲಿಸಬೇಕು. ಒಟ್ಟು ಎಷ್ಟು ತಡವೆಂದು ಯಾರೂ ಬಾಯಿಬಿಡದಿದ್ದರೆ, ಪ್ಲಾಟ್‌ಫಾರಂ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತ ತಾಯಿ ಈ ಲೆಕ್ಕ ಹಾಕುವುದು ಹೇಗೆ?

ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತದಲ್ಲಿ, ಕಹಿಯಾದ ಮಾತನ್ನೂ ಆಡುವಿರಾ ಎಂದು ರಾಜಕುಮಾರ ಬುದ್ಧರನ್ನು ಕೇಳುತ್ತಾನೆ. ಅವನ ತೊಡೆಯ ಮೇಲೆ ಕೂಸಿದೆ. ಅದು ಕಲ್ಲನ್ನು ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯೆಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ತೆಗೆಯುತ್ತೇನೆ, ಕರುಣೆಯಿಂದ, ಎನ್ನುತ್ತಾನೆ ಅವನು. ನಿಜವೂ ಹಿತವೂ ಆದ ಮಾತನ್ನು, ಅದು ಕಹಿಯಾದರೂ, ಬುದ್ಧರು ಹೊತ್ತರಿತು ಆಡುತ್ತಾರೆ. 'ರೈಲು ರದ್ದಾಗಿದೆ' ಅಂಥ ಮಾತು. 'ನಮಗೂ ಇನ್ನೂ ತಿಳಿದಿಲ್ಲ, 10 ಗಂಟೆಗೆ ಮತ್ತೆ ಹೇಳುತ್ತೇವೆ' ಎಂಬುದೂ ಅಂಥದೇ. ಎರಡನೆಯದಕ್ಕೇ ಹೆಚ್ಚು ಧೈರ್ಯ ಬೇಕೆನಿಸುತ್ತದೆ ನನಗೆ.

ರದ್ದಾದ ಮೆಸೇಜ್ ಬರುವುದು ಬುಕಿಂಗ್‌ನಲ್ಲಿ ಕೊಟ್ಟ ನಂಬರಿಗೆ. ಏಜೆಂಟ್ ತನ್ನ ನಂಬರ್ ಹಾಕಿದ್ದರೆ ಸುದ್ದಿ ಅವನ ಜೇಬಿನಲ್ಲೇ ಉಳಿಯುತ್ತದೆ. ಜನರಲ್ ಟಿಕೆಟ್‌ನವರಿಗೆ ಮೈಕೇ ಗತಿ. ಒಂದು ಜಂಕ್ಷನ್ನಿನಲ್ಲಿ, ಬೋರ್ಡ್ ಓದಲು ಬಾರದ ಅಜ್ಜಿಯೊಬ್ಬರು "ಏನಂದ್ರಪಾ ತಮ್ಮಾ, ಮೈಕಿನ್ಯಾಗ?" ಎಂದು ನನ್ನನ್ನು ನಾಲ್ಕು ಸಲ ಕೇಳಿದರು. ನಾಲ್ಕನೇ ಸಲ ಅವರಿಗೇ ಸಂಕೋಚ. ಸಂಕೋಚಪಡಬೇಕಾದವರು ಅವರಾಗಿರಲಿಲ್ಲ.

ಡಿಸೆಂಬರ್ 6ಕ್ಕೆ ಮುಂಬೈನ ಚೈತ್ಯಭೂಮಿಗೆ ಹೊರಡುವವರು ಟಿಕೆಟ್ ಮಾಡಿಸುವಾಗ ಸ್ವಂತ ನಂಬರನ್ನೇ ಕೊಡಿ. ಗಾಡಿ ಎಲ್ಲಿದೆ ಎಂದು 139ಕ್ಕೆ ಫೋನ್ ಮಾಡಿ ಕೇಳಬಹುದು. ತಿಳಿದದ್ದನ್ನು ಪಕ್ಕದ ಬೆಂಚಿನವರಿಗೂ ಹೇಳಿ.

ಜೈ ಭೀಮ್.