ಸದನ ಕಂಡವರು, ಕಾಣದವರು

ರಾಷ್ಟ್ರಪತಿ ಚುನಾವಣೆ ಬಂತೆಂದರೆ ಹೊನ್ನಾವರ ತಾಲ್ಲೂಕು ಎರಡು ಹೋಳು. ಒಂದು ಭಾಗ ಭಟ್ಕಳ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ, ಉಳಿದದ್ದು ಕುಮಟಾಕ್ಕೆ. ಹಾಗಾಗಿ ಹೊನ್ನಾವರದವರ ಪರವಾಗಿ ಮತ ಹಾಕುವವರು ಇಬ್ಬರು ಶಾಸಕರು. ಒಬ್ಬೊಬ್ಬರ ಮತದ ಮೌಲ್ಯ 131. ರಾಜ್ಯದಲ್ಲಿ 1971ರ ಜನಗಣತಿಯಂತೆ ಇದ್ದ ಸುಮಾರು 2.93 ಕೋಟಿ ಜನರನ್ನು 224 ಶಾಸಕ ಸ್ಥಾನಗಳಿಗೆ ಹಂಚಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತವೂ ಗುಪ್ತ. ಅಂದರೆ ಕಾಗದದ ಮೇಲಾದರೂ ಶಾಸಕರು ತಮ್ಮ ಬುದ್ಧಿಯಿಂದಲೇ ತೂಗಿ ನೋಡಬೇಕು.

ತೂಗುವುದು ಏನನ್ನು? ಸಂವಿಧಾನದ 58ನೇ ವಿಧಿ ಅಭ್ಯರ್ಥಿಯಿಂದ ಕೇಳುವುದು ಬಹಳ ಕಡಿಮೆ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆರಿಸಿ ಬರಲು ಅರ್ಹತೆ ಇರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಲೋಕಸಭೆಗೆ ಹೋಗುವ ಅರ್ಹತೆ ಇದ್ದರೆ ಸಾಕು, ಹೋಗಿ ಬಂದಿರಬೇಕೆಂದಿಲ್ಲ. 2022ರಲ್ಲಿ ಎದುರಾಳಿಗಳಾಗಿದ್ದ ದ್ರೌಪದಿ ಮುರ್ಮು, ಯಶವಂತ ಸಿನ್ಹಾ ಇಬ್ಬರೂ ಸದನದಲ್ಲಿ ಪಳಗಿದವರು. ಒಬ್ಬರು ಒಡಿಶಾದಲ್ಲಿ ಎರಡು ಸಲ ಶಾಸಕಿ, ಇನ್ನೊಬ್ಬರು ಕೇಂದ್ರದ ಹಣಕಾಸು ಸಚಿವರಾಗಿದ್ದವರು. 2002ರಲ್ಲಿ ಗೆದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಮಾತ್ರ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಅದೊಂದು ಕೊರತೆಯೆಂದು ಹೆಚ್ಚು ಜನಕ್ಕೆ ಅನಿಸಲೂ ಇಲ್ಲ.

ಅನುಭವಕ್ಕೆ ತೂಕ ಎಲ್ಲಿಂದ ಬರುತ್ತದೆ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ರಾಜ್ಯವನ್ನು ಹಡಗಿಗೆ ಹೋಲಿಸಿದ. ಚುಕ್ಕಾಣಿಗಾಗಿ ನಾವಿಕರು ಕಚ್ಚಾಡುತ್ತಾರೆ, ನಡೆಸುವ ವಿದ್ಯೆ ಬಲ್ಲವನನ್ನು ಹಗಲುಗನಸಿನವನೆಂದು ಆಡಿಕೊಳ್ಳುತ್ತಾರೆ. ಈ ಮಾತು ಹೊನ್ನಾವರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿ ಮರಳ ದಿಣ್ಣೆ ಜಾಗ ಬದಲಿಸುತ್ತಿರುತ್ತದೆ. ಕಾಸರಕೋಡಿನ ಬಂದರಿನಿಂದ ಹೊರಟ ಬೋಟು ಭರತ ನೋಡಿ, ಅಲೆ ಒಡೆಯುವ ಜಾಗ ನೋಡಿ, ಆವತ್ತಿನ ದಾರಿ ಹಿಡಿದು ದಾಟಬೇಕು. ನಕ್ಷೆ ಕೈಯಲ್ಲಿದ್ದರೂ ಬೋಟು ನಡೆಸುವ ತಾಂಡೇಲನ ಕಣ್ಣು ಬೇಕೇ ಬೇಕು.

ಆದರೆ ಪ್ಲೇಟೋನ ಹೋಲಿಕೆ ಇಲ್ಲಿಯೇ ಕುಂಟುತ್ತದೆ. ಬೋಟಿನಲ್ಲಿ ಕೂತವರೆಲ್ಲರಿಗೂ ಬೇಕಾದದ್ದು ಒಂದೇ, ಮೀನು ಸಿಗಬೇಕು, ಸುರಕ್ಷಿತವಾಗಿ ದಡ ಸೇರಬೇಕು. ದೇಶದಲ್ಲಿ ಎತ್ತ ಹೋಗಬೇಕೆಂಬುದೇ ಜಗಳ. ದಾರಿ ಬಲ್ಲವನಿಗೆ ಚುಕ್ಕಾಣಿ ಕೊಡಬಹುದು, ಗುರಿಯನ್ನೂ ಅವನೇ ನಿಶ್ಚಯಿಸಲಿ ಎಂದು ಬಿಟ್ಟುಕೊಡಲಾಗದು.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್‌ಗೆ ಈ ತೊಡಕು ಗೊತ್ತಿತ್ತು. ಹದಿಹರೆಯದವನು ಗಣಿತದಲ್ಲಿ ಪಂಡಿತನಾಗಬಹುದು, ಆದರೆ ಅವನನ್ನು ವಿವೇಕಿ ಎಂದು ಯಾರೂ ಕರೆಯುವುದಿಲ್ಲ ಎನ್ನುತ್ತಾನೆ ಆತ. ಗಣಿತ ಸಾಮಾನ್ಯ ನಿಯಮಗಳ ವಿಷಯ. ವ್ಯವಹಾರದ ವಿವೇಕಕ್ಕೆ ಬೇಕಾದದ್ದು ಈ ಸಂದರ್ಭ, ಈ ಮನುಷ್ಯ, ಈ ಗಳಿಗೆಯ ಅರಿವು. ಅದಕ್ಕೆ ಕಾಲ ಹಿಡಿಯುತ್ತದೆ. ಹಾಗೆಂದು ಕಾಲ ಕಳೆದರೆ ಸಾಕೆಂದೂ ಅವನು ಹೇಳಲಿಲ್ಲ. ಒಳ್ಳೆಯ ಉದ್ದೇಶವಿಲ್ಲದ ಚಾತುರ್ಯ ಬರೀ ಕಿಲಾಡಿತನ, ವಿವೇಕವಲ್ಲ ಎಂದು ಗೆರೆ ಎಳೆದ. ನಮ್ಮ ರಾಜಕಾರಣದಲ್ಲಿ ‘ಅನುಭವಿ’ ಎಂದು ಹೊಗಳಿಸಿಕೊಳ್ಳುವವರಲ್ಲಿ ಎಷ್ಟು ಮಂದಿ ಈ ಗೆರೆಯ ಯಾವ ಬದಿಯಲ್ಲಿದ್ದಾರೆ ಎಂಬುದನ್ನು ಓದುಗರೇ ಎಣಿಸಲಿ.

ಇದಕ್ಕಿಂತ ರಸವತ್ತಾದ ಚರ್ಚೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕಳೆದೇ ಹೋಗಿದೆ ಎಂದುಕೊಂಡಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಅದರ ಮೊದಲ ಅಧಿಕರಣದಲ್ಲಿ ಅಮಾತ್ಯರನ್ನು ಆರಿಸುವುದು ಹೇಗೆಂದು ಆಚಾರ್ಯರು ಒಬ್ಬರ ಮೇಲೊಬ್ಬರು ವಾದ ಹೂಡುತ್ತಾರೆ. ರಾಜ ತನ್ನ ಸಹಪಾಠಿಗಳನ್ನೇ ನೇಮಿಸಲಿ, ಅವರ ಯೋಗ್ಯತೆ ಅವನಿಗೆ ಗೊತ್ತು ಎನ್ನುತ್ತಾನೆ ಭಾರದ್ವಾಜ. ಜೊತೆಯಲ್ಲಿ ಆಡಿ ಬೆಳೆದವರು ರಾಜನಿಗೆ ಮರ್ಯಾದೆ ಕೊಡುತ್ತಾರೆಯೇ ಎಂದು ವಿಶಾಲಾಕ್ಷ ತಕರಾರು ತೆಗೆಯುತ್ತಾನೆ. ಪ್ರಾಣಾಪಾಯದಲ್ಲಿ ಕಾಪಾಡಿದವರನ್ನು ನೇಮಿಸಿ ಎಂದು ಪರಾಶರ ಹೇಳಿದರೆ, ಅದು ಭಕ್ತಿಯಾಯಿತೇ ಹೊರತು ಬುದ್ಧಿಯಲ್ಲ, ಒಪ್ಪಿಸಿದ ಕೆಲಸದಲ್ಲಿ ಲೆಕ್ಕಕ್ಕೆ ಸರಿಯಾಗಿ ಆದಾಯ ತಂದವರೇ ಆಗಲಿ ಎಂದು ಪಿಶುನನ ಉತ್ತರ. ತಂದೆ ತಾತನ ಕಾಲದಿಂದ ಸೇವೆಯಲ್ಲಿರುವ ಮನೆತನದವರೇ ಒಳ್ಳೆಯದು ಎಂಬುದು ಕೌಣಪದಂತನ ಪಕ್ಷ. ಟಿಕೆಟ್ ಹಂಚುವ ಹೊತ್ತಿನಲ್ಲಿ ಇಂದಿನ ಪಕ್ಷಗಳೆಲ್ಲ ಇವನ ಶಿಷ್ಯರು. ಅಂಥ ಮನೆತನದವರು ಎಲ್ಲವನ್ನೂ ಆಕ್ರಮಿಸಿಕೊಂಡು ತಾವೇ ಯಜಮಾನರಾಗುತ್ತಾರೆ, ನೀತಿ ಬಲ್ಲ ಹೊಸಬರು ಬರಲಿ ಎನ್ನುತ್ತಾನೆ ವಾತವ್ಯಾಧಿ. ಶಾಸ್ತ್ರ ಓದಿ ಕೆಲಸ ನೋಡದವನು ಕೆಲಸಕ್ಕಿಳಿದಾಗ ಮುಗ್ಗರಿಸುತ್ತಾನೆ ಎಂದು ಬಾಹುದಂತೀಪುತ್ರ ಅದನ್ನೂ ತಳ್ಳಿಹಾಕುತ್ತಾನೆ.

ಕೊನೆಗೆ ಕೌಟಿಲ್ಯ ಬಂದು ಎಲ್ಲರ ಮಾತೂ ಸರಿಯೇ ಎಂದುಬಿಡುತ್ತಾನೆ! ಜಾರಿಕೊಂಡ ಎನಿಸಬಹುದು, ಆದರೆ ಅವನ ತೀರ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಮನುಷ್ಯನ ಸಾಮರ್ಥ್ಯ ತಿಳಿಯುವುದು ಅವನು ಮಾಡಿದ ಕೆಲಸದಿಂದ. ಯಾವ ಶಕ್ತಿಯವನಿಗೆ, ಯಾವ ದೇಶ ಕಾಲದಲ್ಲಿ, ಯಾವ ಕೆಲಸ ಎಂದು ವಿಂಗಡಿಸಿ ಇವರೆಲ್ಲರನ್ನೂ ಅಮಾತ್ಯರನ್ನಾಗಿ ಮಾಡಬಹುದು, ಮಂತ್ರಾಲೋಚನೆಗೆ ಕೂರಿಸುವುದು ಮಾತ್ರ ಬೇರೆ ಮಾತು ಎನ್ನುತ್ತಾನೆ. ನನಗೆ ಇದೇ ಸರಿಯಾದ ದಿಕ್ಕು ಅನಿಸುತ್ತದೆ. ಅನುಭವ ಬೇಕೋ ಬೇಡವೋ ಎಂದು ಕೇಳುವ ಮೊದಲು ಕುರ್ಚಿ ಯಾವುದೆಂದು ಕೇಳಬೇಕು.

ಕೆನರಾ ಲೋಕಸಭಾ ಕ್ಷೇತ್ರ 1967ರಲ್ಲಿ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿತು. ಅವರ ಹಿಂದೆ ಇದ್ದದ್ದು ರೈತರ ಹೋರಾಟ, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು, ಮನೆಮನೆಗೂ ಗೊತ್ತಿದ್ದ ಚುಟುಕಗಳು. ಜನರ ದೂರನ್ನು ದಿಲ್ಲಿಗೆ ಒಯ್ಯುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಬೇಕಿಲ್ಲ. ಸರ್ಕಾರ ನಡೆಸುವ ಕುರ್ಚಿಯ ಮಾತು ಬೇರೆ. 1983ರ ಜನವರಿಯಲ್ಲಿ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಮುಖ್ಯಮಂತ್ರಿಯಾದಾಗ ಸಿದ್ದಾಪುರ ತಾಲ್ಲೂಕು ದೊಡ್ಮನೆಯ ರಾಮಕೃಷ್ಣ ಹೆಗಡೆ ಶಾಸಕರೂ ಆಗಿರಲಿಲ್ಲ, ಕನಕಪುರದ ಉಪಚುನಾವಣೆ ಗೆದ್ದು ಬರಬೇಕಾಯಿತು. ಆದರೆ 1957ರಿಂದ ಸದನ ನೋಡಿದವರು, ಹಣಕಾಸು ಖಾತೆ ನಡೆಸಿದವರು. ಹೊರಗಿನ ಬೆಂಬಲದ ಮೇಲೆ ನಿಂತ ಸರ್ಕಾರವನ್ನು ನಡೆಸಲು ಆ ಪಳಗಿಕೆಯೇ ಬಂಡವಾಳ.

ರಾಷ್ಟ್ರಪತಿಯ ಕುರ್ಚಿ ಇವೆರಡೂ ಅಲ್ಲ. ಅಲ್ಲಿ ಮಾಡುವ ಕೆಲಸಕ್ಕಿಂತ ತಡೆದುಕೊಳ್ಳುವ ಕೆಲಸ ಹೆಚ್ಚು, ತಡೆಯಬೇಕಾದ ಗಳಿಗೆ ಅಪರೂಪಕ್ಕೆ ಬರುತ್ತದೆ. ಸದನದ ಅನುಭವ ಆ ಗಳಿಗೆಯಲ್ಲಿ ಕೈಹಿಡಿದೀತೇ?

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ ಫಕ್ರುದ್ದೀನ್ ಅಲಿ ಅಹ್ಮದ್ 1930ರ ದಶಕದಿಂದಲೂ ಅಸ್ಸಾಮಿನ ಶಾಸನಸಭೆ ಕಂಡವರು, ಸಚಿವರಾಗಿ ನುರಿತವರು. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಗ್ಗೆ. ಸಂಪುಟ ಒಪ್ಪಿದೆಯೇ ಎಂಬ ಒಂದು ಪ್ರಶ್ನೆಯನ್ನು ಅಷ್ಟು ವರ್ಷಗಳ ಅನುಭವವೂ ಗಟ್ಟಿಯಾಗಿ ಕೇಳಿಸಲಿಲ್ಲ. ಸದನದಲ್ಲಿ ಕಳೆದ ವರ್ಷಗಳನ್ನು ಎಣಿಸಿ ಓಟು ಹಾಕುವವರಿಗೆ ಈ ಒಂದು ಉದಾಹರಣೆ ಸಾಕು.

ಸದನವೇ ಕಾಣದ ಕಲಾಂ 2005ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಸಹಿ ಮಾಡಿದರು. ಅದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿತು. ಶಾಸಕರ ಗುಂಪುಗಳು ಹೇಗೆ ಕೂಡುತ್ತವೆ, ಒಡೆಯುತ್ತವೆ, ರಾಜ್ಯಪಾಲರ ವರದಿಯನ್ನು ಎಷ್ಟು ನಂಬಬೇಕು ಎಂಬುದನ್ನು ಒಳಗಿದ್ದು ನೋಡಿದವರು ಬೆಳಗಾಗುವವರೆಗೆ ಕಾಯುತ್ತಿದ್ದರೇನೋ. ಆದರೆ ಅದೇ ಕಲಾಂ ಮರುವರ್ಷ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಮರುಪರಿಶೀಲನೆಗೆಂದು ಸಂಸತ್ತಿಗೆ ವಾಪಸು ಕಳಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದಾಗ ನಿಯಮದಂತೆ ಸಹಿ ಹಾಕಿದರು. ಒಂದು ವರ್ಷದಲ್ಲಿ ಅವರು ಕಲಿತರೆಂದೇ ನನ್ನ ಓದು. ಅನುಭವವನ್ನು ಕುರ್ಚಿಯಲ್ಲಿ ಕೂತೂ ಗಳಿಸಬಹುದು, ಆದರೆ ಶುಲ್ಕ ಕಟ್ಟುವವರು ಬೇರೆಯವರು. ಬಿಹಾರದ ಆ ಸಭೆ ಒಂದು ದಿನವೂ ಕೂಡದೆ ಹೋಯಿತು.

ಇವರಿಬ್ಬರ ನಡುವೆ ನಮ್ಮ ಬಿ.ಡಿ. ಜತ್ತಿ ಇದ್ದಾರೆ. ಜಮಖಂಡಿ ಸಂಸ್ಥಾನದ ಆಡಳಿತ, ಮುಂಬಯಿ ವಿಧಾನಸಭೆ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿ, ಒಡಿಶಾದ ರಾಜ್ಯಪಾಲಗಿರಿ, ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಪೀಠ, ಇಷ್ಟನ್ನೂ ಹಾದು ಬಂದವರು. 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಆ ಏಪ್ರಿಲಿನಲ್ಲಿ ಕೇಂದ್ರದ ಜನತಾ ಸರ್ಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಸುಪ್ರೀಂ ಕೋರ್ಟ್ ಅಡ್ಡಬರಲಿಲ್ಲ. ಜತ್ತಿ ತಕ್ಷಣ ಸಹಿ ಹಾಕದೆ ತಡೆದರು, ಕೊನೆಗೆ ಏಪ್ರಿಲ್ 30ರಂದು ಹಾಕಿದರು. ಅವರೇ ಕಾಂಗ್ರೆಸ್ಸಿನಿಂದ ಬಂದವರಾದ್ದರಿಂದ ಅದು ಪಕ್ಷನಿಷ್ಠೆ ಎಂದು ಆಗ ಟೀಕಿಸಿದವರಿದ್ದರು, ಆ ಅನುಮಾನ ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಸದನದ ಅನುಭವ ಬರುವಾಗ ಪಕ್ಷದ ವಾಸನೆಯನ್ನೂ ಹೊತ್ತು ತರುತ್ತದೆ.

ಆದರೂ ಕಾನೂನು ಅವರಿಗೆ ಬಿಟ್ಟಿದ್ದ ಜಾಗ ಎಷ್ಟು ಇಕ್ಕಟ್ಟಾಗಿತ್ತು ನೋಡಿ. 1976ರ 42ನೇ ತಿದ್ದುಪಡಿ ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂದು ಕಟ್ಟುನಿಟ್ಟು ಮಾಡಿತ್ತು, ‘ಇನ್ನೊಮ್ಮೆ ಯೋಚಿಸಿ’ ಎಂದು ತಿರುಗಿ ಕಳಿಸುವ ಅವಕಾಶವನ್ನು ಬರೆದೇ ಇರಲಿಲ್ಲ. ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಕಳಿಸುವ ಅಧಿಕಾರ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಿಂದ, ಅಷ್ಟರಲ್ಲಿ ಜತ್ತಿ ಆ ಕುರ್ಚಿಯಿಂದ ಇಳಿದಾಗಿತ್ತು.