ಆಡುತ್ತ ಆಡುತ್ತ ಭಾಷೆ

“ಆಡುತ್ತ ಆಡುತ್ತ ಭಾಷೆ, ಹಾಡುತ್ತ ಹಾಡುತ್ತ ರಾಗ” ಎಂಬ ನಾಣ್ಣುಡಿಯನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಅಭ್ಯಾಸದ ಮಹಿಮೆಯನ್ನು ಸಾರುವುದಕ್ಕಾಗಿ, ಪರಭಾಷೆಯನ್ನಾಡಲು ಅಳುಕುವವನಿಗೂ ಸಂಗೀತಪಾಠದ ಆರಂಭದಲ್ಲಿಯೇ ಧೈರ್ಯಗುಂದಿದವಳಿಗೂ ಭರವಸೆಯ ಮಾತಾಗಿ, ಬಳಸುತ್ತ ಬಂದಿದ್ದಾರೆ. ಆ ಅರ್ಥ ಸಾಧುವಾದುದೇ. ಆದರೆ ಈ ನುಡಿಯ ಪೂರ್ವಾರ್ಧಕ್ಕೆ ಪರಮಾಧಿಕಾರಿಯಾದವನು ಪ್ರೌಢನಲ್ಲ. ಎರಡು ತುಂಬಿ ಐದು ತುಂಬದ, ಹೊಸ್ತಿಲು ದಾಟುವಾಗ ಇನ್ನೂ ಬಾಗಿಲನ್ನು ಹಿಡಿದುಕೊಳ್ಳುವ ಶಿಶು. ಅವನನ್ನು ಎದುರಿಗಿಟ್ಟುಕೊಂಡು ಓದಿದಾಗಲೇ ಈ ಗಾದೆ ತನ್ನ ಪೂರ್ಣಾರ್ಥವನ್ನು ಬಿಟ್ಟುಕೊಡುತ್ತದೆ.

ಅಭ್ಯಾಸವೆಂದರೆ ಕೇಳಿದ್ದನ್ನೇ ಮತ್ತೆ ಮತ್ತೆ ಒಪ್ಪಿಸುವುದು ಎಂದು ನಾವು ತಿಳಿದಿದ್ದೇವೆ. ಮಗುವಿನ ಅಭ್ಯಾಸ ಅಂಥದಲ್ಲ. ಮೂರು ವರ್ಷದ ನನ್ನ ಮೊಮ್ಮಗನು ಒಂದು ದಿನ ಅಡುಗೆಮನೆಗೆ ಓಡಿಬಂದು, “ಅಜ್ಜೀ, ನಾನು ಪಾಪುಗೆ ಚೆಂಡು ಕೊಡಿದೆ” ಎಂದನು. ಮರುಗಳಿಗೆಯಲ್ಲಿ ಕಾಲುಜಾರಿ, ಅಳುತ್ತಲೇ, “ನಾನು ಬೀಳಿದೆ” ಎಂದನು. ಮನೆಯವರೆಲ್ಲ ನಕ್ಕರು. ಆದರೆ ‘ಕೊಡಿದೆ’ ಎಂಬ ರೂಪವನ್ನು ಆ ಮನೆಯಲ್ಲಿ ಯಾರೂ ಎಂದೂ ಆಡಿದವರಲ್ಲ. ಹಾಗಿರುವಾಗ ಅದು ಅವನ ನಾಲಗೆಗೆ ಬಂದುದೆಲ್ಲಿಂದ? ನೋಡು ಎಂಬುದು ನೋಡಿದೆ ಎಂದಾಗುವುದನ್ನೂ, ಮಾಡು ಎಂಬುದು ಮಾಡಿದೆ ಎಂದಾಗುವುದನ್ನೂ, ಹಾಡು ಎಂಬುದು ಹಾಡಿದೆ ಎಂದಾಗುವುದನ್ನೂ ಕಿವಿಗೊಟ್ಟು ಕೇಳಿ, ಅವೆಲ್ಲಕ್ಕೂ ಸಮಾನವಾದ ಒಂದು ಸೂತ್ರವನ್ನು ಯಾರ ನೆರವೂ ಇಲ್ಲದೆ ಕಂಡುಕೊಂಡು, ಅದನ್ನು ಕೊಡು ಎಂಬ ಧಾತುವಿಗೂ ನಿಶ್ಶಂಕೆಯಿಂದ ಅನ್ವಯಿಸಿದ್ದಾನೆ. ಕೊಡು, ಬಿಡು, ಸುಡುಗಳ ದಾರಿ ಬೇರೆಯೆಂಬುದು ಅವನಿಗಿನ್ನೂ ತಿಳಿಯದು, ಅಷ್ಟೇ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ರಚಿಸುವಾಗ ಕವಿಪ್ರಯೋಗಗಳನ್ನು ಮುಂದಿಟ್ಟುಕೊಂಡು ಧಾತುಪ್ರತ್ಯಯಗಳ ನಿಯಮಗಳನ್ನು ಹುಡುಕಿದಂತೆಯೇ, ಈ ಬಾಲವೈಯಾಕರಣನು ಅಜ್ಜಿಯ, ತಾಯಿಯ, ನೆರೆಮನೆಯವರ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಹುಡುಕುತ್ತಿದ್ದಾನೆ. ಹಾಡುಗಾರ, ಮಾತುಗಾರ ಎಂಬ ಮಾತುಗಳನ್ನು ಕೇಳಿದವನು, ತಂಗಿಯನ್ನು ‘ಅಳುಗಾರ್ತಿ’ಯೆಂದೂ ಗದರಿಸಿದ ತಾಯಿಯನ್ನು ‘ಬೈಗಾರ್ತಿ’ಯೆಂದೂ ಕರೆದಾಗ, ಅವನು ಪ್ರತ್ಯಯದಿಂದ ಹೊಸ ನಾಮಪದ ಕಟ್ಟುವ ತದ್ಧಿತಪ್ರಕರಣವನ್ನೂ ಪ್ರವೇಶಿಸಿದನೆಂದೇ ನಾನು ಭಾವಿಸಿದೆನು.

ಇದು ಕನ್ನಡದ ಮಕ್ಕಳಿಗೆ ಮಾತ್ರ ಸಲ್ಲುವ ಪ್ರತಿಭೆಯಲ್ಲ. ಅಮೆರಿಕದಲ್ಲಿ ಜೀನ್ ಬರ್ಕೊ ಎಂಬ ವಿದುಷಿಯು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಕ್ಕಿಯಂಥ ಒಂದು ಕಲ್ಪಿತ ಜೀವಿಯ ಚಿತ್ರವನ್ನು ತೋರಿಸಿ, ಇದು ‘ವಗ್’ ಎಂದು ಹೇಳಿ, ಅಂಥವು ಎರಡಾದರೆ ಏನೆನ್ನಬೇಕೆಂದು ಕೇಳಿದಾಗ, ಆ ಶಬ್ದವನ್ನು ಹಿಂದೆಂದೂ ಕೇಳಿರಲಾರದ ಮಕ್ಕಳಲ್ಲಿ ಹೆಚ್ಚಿನವರು ಅದಕ್ಕೆ ಸರಿಯಾದ ಬಹುವಚನವನ್ನೇ ಹಚ್ಚಿದರು. 1958ರಲ್ಲಿ ಪ್ರಕಟವಾದ ಈ ಪರೀಕ್ಷೆ, ಮಗು ಗಿಳಿಪಾಠವನ್ನು ಒಪ್ಪಿಸುವುದಿಲ್ಲ, ನಿಯಮವನ್ನು ಕಾಣುತ್ತದೆ ಎಂಬುದಕ್ಕೆ ಪ್ರಬಲವಾದ ಸಾಕ್ಷ್ಯ. ಇದಕ್ಕಿಂತ ಬಹು ಹಿಂದೆ, 1877ರಲ್ಲಿ, ಚಾರ್ಲ್ಸ್ ಡಾರ್ವಿನ್ನನು 37 ವರ್ಷಗಳ ಹಿಂದೆ ತನ್ನ ಚೊಚ್ಚಲ ಮಗನನ್ನು ಕುರಿತು ಬರೆದಿಟ್ಟಿದ್ದ ದಿನಚರಿಯನ್ನಾಧರಿಸಿ ಒಂದು ಲೇಖನವನ್ನು ಪ್ರಕಟಿಸಿದನು. ಒಂದು ವರ್ಷ ತುಂಬುವ ಹೊತ್ತಿಗೆ ಆ ಮಗು ಆಹಾರಕ್ಕೆ ‘ಮಮ್’ ಎಂಬ ಶಬ್ದವನ್ನು ತಾನಾಗಿ ಸೃಷ್ಟಿಸಿಕೊಂಡು, ಆಮೇಲೆ ಸಕ್ಕರೆಗೆ ‘ಶು-ಮಮ್’ ಎಂದು ಸಮಾಸವನ್ನೂ ಕಟ್ಟಿತಂತೆ. ಅನ್ನಕ್ಕೆ ‘ಮಮ್ಮು’ ಎನ್ನುವ ನಮ್ಮ ನಾಡಿನ ತಾಯಂದಿರಿಗೆ ಈ ಸಂಗತಿಯಿಂದ ಆಗುವ ಸಂತೋಷ ಅಲ್ಪವಾದುದಲ್ಲ.

ಗಾದೆಯ ಉತ್ತರಾರ್ಧವೂ ಇಲ್ಲಿ ಪೂರ್ವಾರ್ಧಕ್ಕೆ ಬೆಳಕು ಬೀರುತ್ತದೆ. ಸಂಗೀತದ ವಿದ್ಯಾರ್ಥಿಗೆ ಮಾಯಾಮಾಳವಗೌಳ ರಾಗದ ಸರಳೆ, ಜಂಟಿ, ಅಲಂಕಾರಗಳೆಂಬ ಮೆಟ್ಟಿಲುಗಳುಂಟು. ತಪ್ಪಿದಲ್ಲಿ ತಿದ್ದಲು ಗುರುವುಂಟು. ಮಗುವಿಗೆ ಇಂದು ಭೂತಕಾಲವೆಂದೂ ನಾಳೆ ವಿಭಕ್ತಿಯೆಂದೂ ಕ್ರಮವನ್ನು ಹಾಕಿಕೊಟ್ಟವರು ಯಾರು? ಅದರಂತೆಯೇ, ಗುರುವಿನ ಪಾಠದಿಂದಲ್ಲ, ತೊಟ್ಟಿಲು ತೂಗುತ್ತ ಗುನುಗಿಕೊಂಡ ಹಾಡುಗಳಿಂದಲೇ ರಾಗವನ್ನು ಒಲಿಸಿಕೊಂಡ ಹಳ್ಳಿಯ ಹೆಂಗಸರನ್ನು ನೆನೆದರೆ, ಭಾಷೆಯನ್ನೂ ರಾಗವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಗಾದೆಕಾರನ ದೃಷ್ಟಿ ಎಷ್ಟು ಸೂಕ್ಷ್ಮವಾದುದೆಂಬುದು ಮನದಟ್ಟಾಗುತ್ತದೆ.

ಮಗುವಿನ ಮಾತಿನ ರೂಪದಲ್ಲಿ ಕಾಣುವ ಈ ಸಾಹಸವೇ ಅರ್ಥದಲ್ಲಿಯೂ ಕಾಣುತ್ತದೆ. ಮನೆಯ ನಗುವಿಗೆ ಹೆಚ್ಚು ಕಾರಣವಾಗುವುದೂ ಅದೇ. ಒಲೆಯ ಮೇಲೆ ಹಾಲುಕ್ಕಿದುದನ್ನು ಕಂಡು, “ಅಮ್ಮಾ, ಹಾಲಿಗೆ ಸಿಟ್ಟು ಬಂತು” ಎಂದು ಕೂಗಿದವನೂ ನನ್ನ ಆ ಮೊಮ್ಮಗನೇ. ಒಂದು ಹಬ್ಬದಲ್ಲಿ ದೊಡ್ಡಮ್ಮನ ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದಾಗ, ಅವರಿಬ್ಬರನ್ನೂ ಬಹಳ ಹೊತ್ತು ನೋಡಿ, “ಚಿಕ್ಕಮ್ಮ ಉದ್ದ ಇದ್ದಾಳೆ, ದೊಡ್ಡಮ್ಮ ಗಿಡ್ಡ ಇದ್ದಾಳೆ, ಯಾರೋ ಹೆಸರು ಅದಲು ಬದಲು ಮಾಡಿಬಿಟ್ಟಿದ್ದಾರೆ” ಎಂದು ತೀರ್ಪಿತ್ತನು. ಅಷ್ಟಕ್ಕೇ ಬಿಡದೆ ತಾಯಿಯ ಕಡೆಗೆ ತಿರುಗಿ, “ನೀನು ನಡುವಮ್ಮ” ಎಂದು ಹೊಸ ಬಿರುದನ್ನೂ ಕೊಟ್ಟನು. ವಿಜಯದಶಮಿಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳು ಹಿಡಿಸಿ ಅಕ್ಷರಾಭ್ಯಾಸ ಮಾಡಿಸಿದ ಮೇಲೆ ಅವನು ಕೇಳಿದ ಪ್ರಶ್ನೆ ಇದು: “ಈ ಅಕ್ಕೀನ ಅನ್ನ ಮಾಡಿ ತಿಂದರೆ ನಂಗೆ ಓದೋಕೆ ಬರುತ್ತಾ?” ಬಿತ್ತಿದ್ದೆಲ್ಲ ಬೆಳೆಯುತ್ತದೆಂದು ಅಜ್ಜಿ ಹೇಳಿದ್ದನ್ನು ನಂಬಿ, ಹಿತ್ತಿಲಿನ ಬಸಳೆಯ ಬುಡದಲ್ಲಿ ರವೆಯುಂಡೆಯನ್ನು ಹೂಳಿ ನೀರೆರೆದು, ಇರುವೆ ಮುತ್ತಿದಾಗ ದುಃಖಿಸಿದನು. ಅಜ್ಜಿಗೆ ಹಲ್ಲಿಲ್ಲದುದು ವೃದ್ಧಾಪ್ಯದಿಂದ ಎಂದು ತಿಳಿದಾಗ ಅವನು ತನ್ನ ಹಲ್ಲಿಲ್ಲದ ತಂಗಿಯನ್ನು ಗೌರವದಿಂದ ನೋಡಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವುಗಳಲ್ಲಿ ಒಂದನ್ನೂ ಅವಿವೇಕವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರತಿಯೊಂದರಲ್ಲಿಯೂ ತರ್ಕ ನಿರ್ದುಷ್ಟವಾಗಿದೆ. ಕೊರತೆಯಿರುವುದು ಲೋಕಾನುಭವದಲ್ಲಿ ಮಾತ್ರ, ಅದನ್ನು ಕಾಲವೇ ತುಂಬಿಕೊಡುತ್ತದೆ. ಆದಕಾರಣ ಮಗುವಿನ ಮಾತಿಗೆ ನಗಬಾರದೆಂದಲ್ಲ, ನಗೆಯಿಲ್ಲದ ಮನೆಯಲ್ಲಿ ಮಾತು ಅರಳುವುದಾದರೂ ಹೇಗೆ? ಆದರೆ ಬಂದವರ ಮುಂದೆಲ್ಲ “ಅದನ್ನು ಇನ್ನೊಂದು ಸಲ ಹೇಳು” ಎಂದು ಪೀಡಿಸಿ ಅಣಕಿಸುವ ನಗೆಯೂ, ‘ಕೊಡಿದೆ’ಗೆ ಗದರಿಸಿ ಬಾಯಿ ಮುಚ್ಚಿಸುವ ಶಿಸ್ತೂ, ಎರಡೂ ಮಗುವಿಗೆ ಮೌನವನ್ನು ಕಲಿಸುತ್ತವೆ, ಆಡದೆ ಉಳಿದವನಿಗೆ ಭಾಷೆ ಬಾರದು. “ಓಹೋ, ಪಾಪುಗೆ ಚೆಂಡು ಕೊಟ್ಟೆಯಾ?” ಎಂದು ಸರಿಯಾದ ರೂಪವನ್ನು ಪ್ರೀತಿಯ ಉತ್ತರದಲ್ಲಿಯೇ ಇಟ್ಟು ಹಿಂದಿರುಗಿಸುವ ಅಜ್ಜಿಗಿಂತ ಉತ್ತಮ ಗುರು ಬೇರಿಲ್ಲ.

ರಷ್ಯದ ಕೊರ್ನೇಯ್ ಚುಕೋವ್‌ಸ್ಕಿ ಎಂಬ ಮಕ್ಕಳ ಕವಿ ಇಂಥ ಮಾತುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ 1928ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮುಂದೆ ಅದು ‘ಎರಡರಿಂದ ಐದರವರೆಗೆ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು, ದೇಶದ ಮೂಲೆಮೂಲೆಗಳಿಂದ ತಂದೆತಾಯಿಗಳು ತಮ್ಮ ಮಕ್ಕಳ ನುಡಿಗಳನ್ನು ಅವನಿಗೆ ಬರೆದು ಕಳುಹಿಸಿದರು. ನಮ್ಮ ನಾಡಿನಲ್ಲಿಯೂ ಅಂಥ ಸಂಗ್ರಹಕ್ಕೆ ಸಾಮಗ್ರಿ ಹೇರಳ: ಧಾರವಾಡದ ಮಗು ಆಡುವ ತಪ್ಪು ಬೇರೆ, ಮಂಗಳೂರಿನ ಮಗು ಆಡುವ ತಪ್ಪು ಬೇರೆ, ಮೈಸೂರಿನದು ಬೇರೆ. ಬೆಳೆದಂತೆ ಅವೆಲ್ಲವೂ ಮಾಯವಾಗುತ್ತವೆ, ಆಡಿದ ಮಗುವಿಗೂ ನೆನಪಿರುವುದಿಲ್ಲ. ಆದುದರಿಂದ ಮನೆಯಲ್ಲಿ ಕೂಸಿರುವ ಪ್ರತಿಯೊಬ್ಬ ಓದುಗರಲ್ಲಿಯೂ ನನ್ನ ಬಿನ್ನಹವಿಷ್ಟೆ: ಪಂಚಾಂಗದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನಿಡಿ, ಮಗು ಆಡಿದುದನ್ನು ಆಡಿದಂತೆಯೇ, ತಿದ್ದದೆ, ತೇದಿಯೊಡನೆ ಬರೆದಿಡಿ.