ಉತ್ತರ ಸರಿಯಿದ್ದರೆ ಸಾಕೆ?

ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದು ವಿಷಯದಲ್ಲಿ ಮಾತ್ರ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಬರೀ ಉತ್ತರ ಬರೆದರೆ ನಾಲ್ಕಕ್ಕೆ ಒಂದೇ ಅಂಕ. ಉಳಿದ ಮೂರು ಕ್ರಮಕ್ಕೆ. ಒಮ್ಮೆ ಉತ್ತರಪತ್ರಿಕೆ ಹಿಡಿದುಕೊಂಡು ಜಗಳಕ್ಕೇ ಹೋಗಿದ್ದೆ. "ಸಾರ್, ಉತ್ತರ ಸರಿ ಇದೆಯಲ್ಲ?" ಅಂದೆ. "ಇದೆ. ಅದು ನಿನಗೆ ಹೇಗೆ ಬಂತು ಅಂತ ನಂಗೆ ಹೇಗಪ್ಪ ಗೊತ್ತಾಗ್ಬೇಕು?" ಅಂದರು. ಆವತ್ತು ಇದು ಬರೀ ಹಟ ಅನ್ನಿಸಿತ್ತು.

ಎಷ್ಟೋ ವರ್ಷದ ಮೇಲೆ ಅದೇ ಪ್ರಶ್ನೆ ಇಮೇಲ್ ರೂಪದಲ್ಲಿ ಬಂತು. ನನ್ನ ಪಿಎಚ್‌ಡಿ ಮಳೆಯ ಲೆಕ್ಕಾಚಾರದ ಮೇಲೆ. ಅದರಿಂದ ಬಂದ ಒಂದು ಪ್ರಬಂಧ ಓದಿದ ಬೇರೊಂದು ಊರಿನ ವಿದ್ಯಾರ್ಥಿನಿ ಬರೆದಿದ್ದಳು: ನಿಮ್ಮ ಮೂರನೇ ಚಿತ್ರ ನನಗೆ ಬರ್ತಾನೇ ಇಲ್ಲ, ಆರು ತಿಂಗಳಿಂದ ಒದ್ದಾಡ್ತಿದೀನಿ, ತಪ್ಪು ನನ್ನದೇ ಇರಬೇಕು, ದಯವಿಟ್ಟು ಕೋಡ್ ಕಳಿಸ್ತೀರಾ?

ಹಳೇ ಹಾರ್ಡ್‌ಡಿಸ್ಕ್ ತೆಗೆದು ನೋಡಿದೆ. 'ಹೊಸದು', 'ಹೊಸದು2', 'ಫೈನಲ್', 'ಫೈನಲ್ ನಿಜವಾಗ್ಲೂ' ಅಂತ ನಾಲ್ಕು ಫೈಲು. ಯಾವುದರಿಂದ ಆ ಚಿತ್ರ ಬಂದಿತ್ತೋ ದೇವರಿಗೇ ಗೊತ್ತು. ಓಡಿಸಿದರೆ, ಎಂದೋ ಗುಜರಿಗೆ ಹೋದ ಕಂಪ್ಯೂಟರಿನಲ್ಲಿದ್ದ ಫೈಲನ್ನು ಕೇಳಿತು. ಒಂದು ಕಡೆ ಎಲ್ಲವನ್ನೂ 0.85ರಿಂದ ಗುಣಿಸಿದ್ದೆ. ಯಾಕೆ? ಬರೆದವನು ನಾನೇ, ನನಗೇ ಗೊತ್ತಿಲ್ಲ! ಮೂರು ರಾತ್ರಿ ಕೂತ ಮೇಲೆ ಚಿತ್ರವೇನೋ ಬಂತು. ಆದರೆ ಅಚ್ಚಾದ ಚಿತ್ರವಲ್ಲ. ಗೆರೆ ಸ್ವಲ್ಪ ಕೆಳಗಿತ್ತು. ಪ್ರಬಂಧದ ತೀರ್ಮಾನ ನಿಲ್ಲುತ್ತಿತ್ತು, ಚಿತ್ರ ನಿಲ್ಲುತ್ತಿರಲಿಲ್ಲ.

ನಾನು ಸುಳ್ಳು ಹೇಳಿದೆನಾ? ಇಲ್ಲ, ಅಂಕಿ ತಿರುಚಿರಲಿಲ್ಲ. ಹಾಗಾದರೆ ಒಬ್ಬಳ ಆರು ತಿಂಗಳು ತಿಂದ ಈ ಕೆಲಸಕ್ಕೆ ಏನು ಹೆಸರು? ಬರೀ ಅಜಾಗರೂಕತೆಯಾ? ಅಥವಾ ಇದೂ ಒಂದು ಬಗೆಯ ಅಪ್ರಾಮಾಣಿಕತೆಯಾ?

ನಾನೊಬ್ಬನೇ ಅಲ್ಲ ಅನ್ನೋದು ಸಮಾಧಾನವೋ ಭಯವೋ ಗೊತ್ತಾಗಲ್ಲ. ಅಮೆರಿಕದ ಜೆಫ್ರಿ ಚಾಂಗ್ ಪ್ರೋಟೀನುಗಳ ರಚನೆ ಕಂಡುಹಿಡಿಯುವುದರಲ್ಲಿ ದೊಡ್ಡ ಹೆಸರು. ಅವರ ಲ್ಯಾಬಿನ ಒಂದು ಪ್ರೋಗ್ರಾಂ ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ಅಷ್ಟೇ. ರಚನೆ ತಲೆಕೆಳಗಾಗಿ ಬಂತು. 2006ರಲ್ಲಿ ಅದು ಬಯಲಾಗಿ ಐದು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು, ಅದರಲ್ಲಿ ಮೂರು 'ಸೈನ್ಸ್' ಪತ್ರಿಕೆಯವು. ಅವರೂ ಮೋಸ ಮಾಡಿರಲಿಲ್ಲ.

ಇನ್ನೊಂದು ಅರ್ಥಶಾಸ್ತ್ರದ್ದು. ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಅಂತ ರೈನ್‌ಹಾರ್ಟ್ ಮತ್ತು ರೊಗಾಫ್ 2010ರಲ್ಲಿ ಬರೆದರು. ಸರ್ಕಾರದ ಖರ್ಚು ಕಡಿತ ಮಾಡಬೇಕು ಅನ್ನುವ ರಾಜಕಾರಣಿಗಳಿಗೆ ಅದು ಒಳ್ಳೇ ಆಧಾರವಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲನ್ನು ಕೇಳಿ ಪಡೆದು ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು. ಬೇರೆ ತಕರಾರುಗಳೂ ಇದ್ದವು. ವ್ಯತ್ಯಾಸದ ದೊಡ್ಡ ಪಾಲು ಅವುಗಳದ್ದೇ. ಎಲ್ಲ ಸೇರಿಸಿ ಸರಿಮಾಡಿದಾಗ ಮೈನಸ್ 0.1 ಇದ್ದದ್ದು 2.2 ಶೇಕಡಾ ಆಯಿತು. ನಾವೆಲ್ಲ ಎಕ್ಸೆಲ್ ತಪ್ಪನ್ನು ನೆನೆದು ನಗುತ್ತೇವೆ. ಆದರೆ ಇಲ್ಲಿ ಒಂದು ಮಾತು ಮರೆಯಬಾರದು. ಅವರು ಫೈಲ್ ಕಳಿಸಿದರು. ಕಳಿಸದೇ ಇದ್ದಿದ್ದರೆ ತಪ್ಪು ಸಿಗುತ್ತಲೇ ಇರಲಿಲ್ಲ, ಹೆಸರೂ ಉಳಿಯುತ್ತಿತ್ತು.

ಹಾಗಂತ ಕೊಳಕು ಕೋಡ್ ಅಂದರೆ ತಪ್ಪು ಉತ್ತರ ಅಂತಲೂ ಅಲ್ಲ. 2020ರಲ್ಲಿ ಬ್ರಿಟನ್ನಿನ ಕೋವಿಡ್ ನೀತಿಯ ಮೇಲೆ ಪ್ರಭಾವ ಬೀರಿದ ನೀಲ್ ಫರ್ಗುಸನ್ ತಂಡದ ಪ್ರೋಗ್ರಾಂ, ಹದಿಮೂರಕ್ಕೂ ಹೆಚ್ಚು ವರ್ಷ ಹಿಂದೆ ಬರೆದ, ವಿವರಣೆಯೇ ಇಲ್ಲದ ಸಾವಿರಾರು ಸಾಲು. ಹಾಗಂತ ಅವರೇ ಹೇಳಿಕೊಂಡರು. ಜನ ಉಗಿದರು. ಕೊನೆಗೆ ಕೇಂಬ್ರಿಡ್ಜಿನ ಸ್ಟೀಫನ್ ಎಗ್ಲೆನ್ ಮತ್ತೆ ಓಡಿಸಿ ನೋಡಿದಾಗ ವರದಿಯ ಮುಖ್ಯ ಫಲಿತಾಂಶಗಳು ಸಿಕ್ಕವು. ಉತ್ತರ ಸರಿಯೇ ಇತ್ತು. ಆದರೆ ಜನರನ್ನು ಮನೆಯೊಳಗೆ ಕೂರಿಸುವ ಹೊತ್ತಿನಲ್ಲಿ ಅದನ್ನು ಹೊರಗಿನವರು ನೋಡುವ ದಾರಿ ಇರಲಿಲ್ಲ. ಆಗ ಅದು ನಂಬಿಕೆಯ ಪ್ರಶ್ನೆಯಾಗುತ್ತದೆ. "ನನ್ನ ನಂಬಿ" ಅನ್ನುವುದು ವಿಜ್ಞಾನದ ಭಾಷೆಯಲ್ಲವಲ್ಲ. "ನೀವೇ ನೋಡಿ" ಅನ್ನುವುದು ಅದರ ಭಾಷೆ.

ಇದಕ್ಕೆ ನನ್ನ ಗೆಳೆಯನೊಬ್ಬ ಹೇಳುವ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕೋಕಾಗಲ್ಲ. "ನಾವು ಸಂಶೋಧಕರು ಕಣೋ, ಇಂಜಿನಿಯರ್‌ಗಳಲ್ಲ. ಹತ್ತು ಯೋಚನೆಯಲ್ಲಿ ಒಂಬತ್ತು ಕಸದಬುಟ್ಟಿಗೆ. ಎಲ್ಲದಕ್ಕೂ ಪಾಲಿಷ್ ಹೊಡೀತಾ ಕೂತರೆ ಯೋಚಿಸೋದು ಯಾವಾಗ?" ಸರಿಯೇ. ಮೇಲಾಗಿ ನಮಗ್ಯಾರೂ ಕಲಿಸಿಯೂ ಇರಲಿಲ್ಲ. ಪಿಪೆಟ್ ಹಿಡಿಯೋದು ಹೇಗೆ, ಲ್ಯಾಬ್ ನೋಟ್‌ಬುಕ್ ಬರೆಯೋದು ಹೇಗೆ ಅಂತ ವರ್ಷಗಟ್ಟಲೆ ತಿದ್ದುತ್ತಾರೆ. ಕೋಡ್ ಮಾತ್ರ ತಾನಾಗೇ ಬರುತ್ತೆ ಅಂದುಕೊಳ್ಳುತ್ತಾರೆ. ಕಲಿಸದೇ ಇದ್ದದ್ದಕ್ಕೆ ಶಿಕ್ಷಿಸುವುದು ನ್ಯಾಯವಲ್ಲ.

ಇದನ್ನು ಕಂಡೇ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ 1998ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಿಗೇ ಪಾಠ ಶುರುಮಾಡಿದರು. ಅದೇ ಸಾಫ್ಟ್‌ವೇರ್ ಕಾರ್ಪೆಂಟ್ರಿ. ಹೆಸರಲ್ಲಿ ಬಡಗಿಯ ಕೆಲಸವಿದೆ, ವಾಸ್ತುಶಿಲ್ಪಿಯದ್ದಲ್ಲ. ಅರಮನೆ ಕಟ್ಟೋದು ಬೇಡ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತರೆ ಸಾಕು. ಬದಲಾವಣೆಗಳ ದಾಖಲೆ ಇಡುವುದು, ದೊಡ್ಡದನ್ನು ಚಿಕ್ಕ ಚಿಕ್ಕ ತುಂಡು ಮಾಡುವುದು, ಅರ್ಥವಾಗುವ ಹೆಸರಿಡುವುದು, ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ಪರೀಕ್ಷಿಸುವುದು. ಎರಡು ದಿನದಲ್ಲಿ ಆರಂಭಿಸಬಹುದಾದ ಪಾಠ.

ಅಂದರೆ ಗೆಳೆಯನ ಮಾತು ಅರ್ಧ ಮಾತ್ರ ನಿಜ. ಒಂಬತ್ತು ಕಸಕ್ಕೆ ಹೋಗಲಿ. ಆದರೆ ಹತ್ತನೆಯದನ್ನು ಅಚ್ಚು ಹಾಕಿಸಿದ ದಿನ ಅದು ನನ್ನೊಬ್ಬನದಾಗಿ ಉಳಿಯಲಿಲ್ಲ. ಅದರ ಮೇಲೆ ಇನ್ಯಾರೋ ತಮ್ಮ ವರ್ಷಗಳನ್ನು ಕಟ್ಟುತ್ತಾರೆ. ಗೊತ್ತಿಲ್ಲದೆ ಮಾಡಿದ್ದು ಅಜ್ಞಾನ. ಗೊತ್ತಾದ ಮೇಲೂ "ನನಗೆ ಓಡುತ್ತೆ, ಸಾಕು" ಅಂದರೆ ಅದು ಅಜ್ಞಾನವಲ್ಲ. ಮುಂದೆ ಬರುವವರು ಲೆಕ್ಕಕ್ಕಿಲ್ಲ ಅನ್ನುವ ತೀರ್ಮಾನ.

ಆ ಹುಡುಗಿಗೆ ಎಲ್ಲವನ್ನೂ ಕಳಿಸಿದೆ, 'ಫೈನಲ್ ನಿಜವಾಗ್ಲೂ' ಸಮೇತ. ತಪ್ಪು ನಿನ್ನದಲ್ಲ ಅಂತ ಮೊದಲ ಸಾಲಲ್ಲೇ ಬರೆದೆ. ಪತ್ರಿಕೆಗೆ ತಿದ್ದುಪಡಿ ಕಳಿಸುವುದಕ್ಕೆ ಮಾತ್ರ ಎರಡು ವಾರ ಧೈರ್ಯ ಸಾಲಲಿಲ್ಲ, ನಿಜ ಹೇಳ್ತೀನಿ. ಕಳಿಸಿದೆ. ಆಕಾಶವೇನೂ ತಲೆ ಮೇಲೆ ಬೀಳಲಿಲ್ಲ.

ಈಗ ನಮ್ಮ ಲ್ಯಾಬಿಗೆ ಹೊಸಬರು ಬಂದರೆ ಒಂದು ಕೆಲಸ ಮಾಡಿಸ್ತೀನಿ. ನಿಮ್ಮ ಕೋಡನ್ನು ಪಕ್ಕದವರಿಗೆ ಕೊಡಿ, ಬಾಯಿ ಮುಚ್ಚಿಕೊಂಡು ಕೂರಿ, ಅವರು ಓಡಿಸಲಿ. ಮೊದಲ ಹತ್ತು ನಿಮಿಷ ನೋಡೋಕಾಗಲ್ಲ, ಅಷ್ಟು ಸಂಕಟಪಡ್ತಾರೆ. ಆ ಸಂಕಟ ಕಲಿಸಿದಷ್ಟು ನನ್ನ ಭಾಷಣ ಕಲಿಸಲ್ಲ.

ಮೊನ್ನೆ ಒಬ್ಬ ಕೇಳಿದ, "ಸಾರ್, ಇದಕ್ಕೆಲ್ಲ ಕೆಲಸದ ಅರ್ಜಿಯಲ್ಲಿ ಪಾಯಿಂಟ್ ಇದ್ಯಾ?"

ಹೆಚ್ಚಿನ ಕಡೆ ಇಲ್ಲಪ್ಪ, ಅಂದೆ. ಪ್ರಬಂಧ ಎಷ್ಟು ಅಂತ ಎಣಿಸ್ತಾರೆ, ಅಷ್ಟೇ. ಹೇಳುವಾಗ ನಮ್ಮ ಮೇಷ್ಟ್ರು ನೆನಪಾದರು. ಕ್ರಮಕ್ಕೆ ಮೂರು, ಉತ್ತರಕ್ಕೆ ಒಂದು ಕೊಡುತ್ತಿದ್ದರು. ನಾವು ದೊಡ್ಡವರು ನಾಲ್ಕನ್ನೂ ಉತ್ತರಕ್ಕೇ ಕೊಟ್ಟು ಕೂತಿದ್ದೀವಿ. ಆಮೇಲೆ ಹುಡುಗರು ಕ್ರಮ ಬರೆಯೋದಿಲ್ಲ ಅಂತ ಬೈತೀವಿ.